ಪಾಯಿಂಟ್ ಮೇಸ್ತ್ರಿಯ ಕೊನೆಯ ಕಾರು

ಇಂಜಿನ್ ತೊದಲಿದರೆ ಪಾಯಿಂಟ್ ಮೇಸ್ತ್ರಿಯ ಶೆಡ್ಡಿಗೆ ಒಯ್ಯಿ ಎನ್ನುವ ಮಾತು ಒಂದು ಕಾಲಕ್ಕೆ ಊರಲ್ಲಿ ಚಲಾವಣೆಯಲ್ಲಿತ್ತು. ರದ್ದಾದ ನೋಟಿನ ಹಾಗೆ ಈಗ ಆ ಮಾತೂ ಯಾರ ಕೈಯಲ್ಲೂ ಓಡುತ್ತಿರಲಿಲ್ಲ. ಅಡ್ಡಹೆಸರು ಮಾತ್ರ ಉಳಿದಿತ್ತು.

ಹಳೆಯ ಕಾರುಗಳಲ್ಲಿ ಕಿಡಿ ಹುಟ್ಟಿಸಲು ತುಟಿಗಳಂಥ ಎರಡು ಲೋಹದ ತುಣುಕುಗಳಿರುತ್ತವೆ, ಅವೇ ಪಾಯಿಂಟು. ಸರಿಯಾದ ಹೊತ್ತಿಗೆ ಬಾಯಿ ಬಿಟ್ಟರೆ ಇಂಜಿನ್ ಗುನುಗುತ್ತದೆ, ಇಲ್ಲವಾದರೆ ಮಿಸ್ ಹೊಡೆಯುತ್ತದೆ. ಅವುಗಳ ನಡುವಿನ ಕೂದಲೆಳೆ ಸಂದು ಹೊಂದಿಸುವುದರಲ್ಲೇ ಮೇಸ್ತ್ರಿ ತನ್ನ ಕಣ್ಣನ್ನೂ ಬೆನ್ನನ್ನೂ ಸವೆಸಿಕೊಂಡಿದ್ದ. ಹೊಸ ಕಾರುಗಳಿಗೆ ಪಾಯಿಂಟೇ ಇಲ್ಲವೆಂದು ಯಾರಾದರೂ ಹೇಳಿದರೆ, ಹಲ್ಲಿಲ್ಲದ ಮಗುವನ್ನು ಹೊಗಳಿದ್ದಾರೇನೋ ಎಂಬಂತೆ ನಗುತ್ತಿದ್ದ.

ಉಳಿದಿದ್ದದ್ದು ಒಂದೇ ಗಿರಾಕಿ, ಹಲ್ಲಿನ ಡಾಕ್ಟರು. ಅವರ ತಂದೆಯ ಕಾಲದ ಕಾರು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಉಗ್ಗುತ್ತಿತ್ತು. ಮೇಸ್ತ್ರಿ ಪಾಯಿಂಟಿಗೆ ಉಪ್ಪುಕಾಗದ ತಿಕ್ಕಿ ಕಳಿಸುವುದು, ಅದು ಮತ್ತೆ ಉಗ್ಗುತ್ತ ಬರುವುದು, ಇದು ಒಂದು ಬಗೆಯ ನೆಂಟಸ್ತನವೇ ಆಗಿಬಿಟ್ಟಿತ್ತು.

"ಹಲ್ಲು ಅಲ್ಲಾಡಿದ್ರೆ ನಾನು ಕೀಳ್ತೀನಪ್ಪ, ನೀನು ತಿಕ್ತಾನೇ ಇದೀಯ" ಎಂದರು ಡಾಕ್ಟರು. "ಇದೇ ಕೊನೇ ಸಲ."

ಮೇಸ್ತ್ರಿಗೂ ಒಳಗುಟ್ಟು ಗೊತ್ತಿತ್ತು. ಪಾಯಿಂಟನ್ನು ತೆರೆದು ಮುಚ್ಚುವ ಒಳಗಿನ ದಂಡವೇ ಸವೆದು ಅಲ್ಲಾಡುತ್ತಿತ್ತು. ಸಂದು ಎಷ್ಟು ಹೊಂದಿಸಿದರೂ ನಿಲ್ಲುವಂತಿರಲಿಲ್ಲ. ಆ ದಂಡ ಈಗ ಗುಜರಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಡಾಕ್ಟರು ಎಲ್ಲಿಂದಲೋ ಒಂದು ಎಲೆಕ್ಟ್ರಾನಿಕ್ ಕಿಟ್ ತರಿಸಿದ್ದರು. ಪಾಯಿಂಟ್ ಕಿತ್ತು ಆ ಜಾಗದಲ್ಲಿ ಕೂರಿಸಿದರಾಯಿತು. ದಂಡ ಕೊಂಚ ಕುಣಿದರೂ ಕಿಟ್ ಅದನ್ನು ಲೆಕ್ಕಕ್ಕಿಡುವುದಿಲ್ಲ.

"ಇಂಜಿನ್ ಓಡ್ದೇ ಇರುವಾಗ ಕೀ ಆನ್ ಇಡಬಾರದಂತೆ" ಎಂದರು.

"ಅಷ್ಟೂ ಗೊತ್ತಿಲ್ವಾ ಸಾರ್ ನಮಗೆ?"

ಮನೆಯಲ್ಲಿ ಹೆಂಡತಿ ಕೇಳಿದಳು. "ನನ್ನ ತಮ್ಮ ಮತ್ತೆ ಫೋನ್ ಮಾಡಿದ್ದ ಕಣ್ರೀ. ಗೋದಾಮಿನ ಬಾಗಿಲಿಗೆ ಒಬ್ಬರು ಬೇಕಂತೆ. ಏನು ಹೇಳ್ಲಿ?"

"ಈ ಕಾರು ಸರಿಹೋದ್ರೆ ಡಾಕ್ಟರ ಗೆಳೆಯರ ಹಳೇ ಗಾಡಿಗಳೆಲ್ಲ ನಮ್ಮಲ್ಲಿಗೇ ಬರ್ತವೆ. ಸರಿಹೋಗ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕಿ ನಿನ್ನ ತಮ್ಮನಿಗೆ ಸಲಾಂ ಹೊಡೀತೀನಿ, ಸಾಕಾ?"

"ಅವನೇನೂ ಸಲಾಂ ಕೇಳಿಲ್ಲ."

"ಕೇಳೋದಿಲ್ಲ. ಕಾಯ್ತಾನೆ."

ಮರುದಿನ ಕಿಟ್ ಕೂರಿಸಿ ಸ್ಟಾರ್ಟ್ ಮಾಡಿದ. ಕಾರು ಒಮ್ಮೆಗೇ ಹಿಡಿಯಿತು. ಆಕ್ಸಿಲರೇಟರ್ ಎಳೆದ, ಉಗ್ಗಿಲ್ಲ, ಕೆಮ್ಮಿಲ್ಲ. ಪಕ್ಕದ ಟೈರಿನಂಗಡಿಯವನು ಇಣುಕಿ, "ಏನ್ ಮೇಸ್ತ್ರಿ, ಗಾಡಿ ಬದಲಾಯಿಸಿಬಿಟ್ರಾ?" ಎಂದ. ಬಹಳ ದಿನಗಳ ಮೇಲೆ ಮೇಸ್ತ್ರಿಗೆ ತನ್ನ ಕೈಯ ಮೇಲೆ ಪ್ರೀತಿ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಗೊಮ್ಮೆ ಬಲ್ಬು ಹಿಡಿದು ಕಿಡಿಯ ಟೈಮಿಂಗ್ ನೋಡದೆ ಅವನು ಯಾವ ಕಾರನ್ನೂ ಕಳಿಸಿದವನಲ್ಲ. ಇಂಜಿನ್ ಆರಿಸಿ, ಕೀ ಆನ್ ಮಾಡಿ, ತಂತಿಗೆ ಬಲ್ಬು ಸಿಕ್ಕಿಸಿ, ಅದು ಹೊತ್ತಿಕೊಳ್ಳುವವರೆಗೆ ಇಂಜಿನ್ನನ್ನು ಕೈಯಿಂದ ತಿರುಗಿಸಿದ. ಬಲ್ಬು ಹೊತ್ತಿತೆಂದರೆ ಪಾಯಿಂಟ್ ಬಾಯಿ ತೆರೆದಿದೆ ಎಂದರ್ಥ. ಬಾಯಿ ತೆರೆದಿದ್ದರೆ ಕರೆಂಟ್ ಹರಿಯದು, ಏನೂ ಸುಡದು. ಅವನ ಪಾಲಿಗೆ ಅದು ಕೀ ಆಫ್ ಮಾಡಿದಷ್ಟೇ ಸರಿ. ಹಾಗೇ ಬಿಟ್ಟು, ಟೈರಿನಂಗಡಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದ. "ರೆಡಿ ಸಾರ್. ಬನ್ನಿ, ನೀವೇ ಓಡಿಸಿ ನೋಡಿ." ಟೈರಿನಂಗಡಿಯವನ ಹತ್ತಿರ ನಾಲ್ಕು ಮಾತು ಹೆಚ್ಚೇ ಆಡಿದ.

ಆದರೆ ಕಿಟ್ಟಿಗೆ ತೆರೆಯಲು ಬಾಯಿಯೇ ಇರಲಿಲ್ಲ. ಬಲ್ಬು ಏನೇ ಹೇಳಲಿ, ಅದರ ಹೊಟ್ಟೆಯೊಳಗೆ ಕರೆಂಟ್ ಹರಿಯುತ್ತಲೇ ಇತ್ತು. ಮರಳಿ ಬಂದಾಗ ಶೆಡ್ಡಿನ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕಿಟ್ ಮುಟ್ಟಿದರೆ ಬೆರಳು ಚುರ್ ಎಂದಿತು. ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಿದ. ಇಂಜಿನ್ ಸುಮ್ಮನೆ ತಿರುಗಿತು, ಕಿಡಿ ಬರಲಿಲ್ಲ.

ಡಾಕ್ಟರು ಬರುವ ಹೊತ್ತಿಗೆ ಹಳೆಯ ಪಾಯಿಂಟನ್ನೇ ತಿಕ್ಕಿ ಕೂರಿಸಿದ್ದ. ಅವರು ಓಡಿಸಿ ನೋಡಲಿಲ್ಲ. ನಿಂತಲ್ಲೇ ಒಮ್ಮೆ ಆಕ್ಸಿಲರೇಟರ್ ಒತ್ತಿ, ಆ ಉಗ್ಗನ್ನು ಕೊನೆಯವರೆಗೂ ಕೇಳಿದರು.

"ಕಿಟ್ ಎಲ್ಲಿ?"

"ಸುಟ್ಟೆ ಸಾರ್. ಕೀ ಆನ್ ಇತ್ತು."

"ಹೇಳಿದ್ದೆ."

"ಹೇಳಿದ್ರಿ."

"ಇನ್ನೊಂದು ತರಿಸ್ತೀನಿ" ಎಂದರು ಡಾಕ್ಟರು. ಮೇಸ್ತ್ರಿಯ ತಲೆ ಮೇಲೆದ್ದಿತು. "ಆದ್ರೆ ಕೂರಿಸೋದು ಬೇರೆ ಕಡೆ. ಬೇಜಾರು ಮಾಡ್ಕೋಬೇಡ."

ಬಯ್ದಿದ್ದರೆ ಎದುರಾಡಬಹುದಿತ್ತು. ಕಾರು ಉಗ್ಗುತ್ತಲೇ ರಸ್ತೆಗಿಳಿಯಿತು, ತಿರುವಿನಲ್ಲಿ ಒಮ್ಮೆ ನಿಂತೇ ಹೋಗುವಂತಾಗಿ, ಮತ್ತೆ ಹೇಗೋ ಮುಂದೆ ಸಾಗಿತು. ಟೈರಿನಂಗಡಿಯವನು ಬೇಕೆಂದೇ ಒಳಗೆ ಹೋಗಿ ಏನೋ ಹುಡುಕತೊಡಗಿದ.

ಸಂಜೆ ಬಚ್ಚಲಲ್ಲಿ ಮೇಸ್ತ್ರಿ ಸೀಮೆಎಣ್ಣೆ ಹಾಕಿ ಕೈ ಉಜ್ಜುತ್ತಿದ್ದ. ಗೋದಾಮಿನ ತುಂಬ ಬಿಳಿ ಬಟ್ಟೆಯ ಥಾನುಗಳು, ಕಪ್ಪು ಕೈ ಆಗದು ಎಂದು ಭಾವಮೈದುನ ಫೋನಿನಲ್ಲಿ ಮೆಲ್ಲಗೆ ಹೇಳಿದ್ದ. ಚರ್ಮ ಕೆಂಪಾಯಿತು, ಉಗುರಿನ ಸಂದಿಯ ಕಪ್ಪು ಮಾತ್ರ ಜಗ್ಗಲಿಲ್ಲ.

"ಸಾಕು ಬಿಡ್ರೀ" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ರಕ್ತ ಬರತ್ತೆ. ನಾಳೆಗೆ ಕೈ ಬೇಡ್ವಾ?"

"ಬಾಗಿಲು ಕಾಯೋಕೆ ಕೈ ಯಾಕೆ ಕಣೆ?" ಎಂದು ಅವನು ಮತ್ತಷ್ಟು ಸೀಮೆಎಣ್ಣೆ ಸುರಿದುಕೊಂಡ.