ಅಳಿಸಿಹೋದ ಮೂರನೇ ಅಧ್ಯಾಯ

ಚಿಂತಾಮಣಿಯ ನಮ್ಮ ಕಾಲೇಜಿನ ಹಳೆಯ ಸರ್ವರನ್ನು ಕಳೆದ ವಾರ ಗುಜರಿಗೆ ಹಾಕಿದೆವು. ಮುಚ್ಚಳ ಬಿಚ್ಚಿದಾಗ ಬಂತು ನೋಡಿ, ಕಾದ ಧೂಳಿನ ವಾಸನೆ. ಅದರ ಹಿಂದೆಯೇ ರತ್ನಮ್ಮ ಮೇಡಂ ನೆನಪಾದರು.

ಆಗ ಕಂಪ್ಯೂಟರ್ ಲ್ಯಾಬ್ ಅವರ ಕೈಯಲ್ಲಿತ್ತು. ಸಹಾಯಕನಾಗಿ ಸೇರಿದ ನನಗೆ ಲಿನಕ್ಸ್ ಎಂದರೆ ಒಂದು ಕಪ್ಪು ಪರದೆ, ಅಷ್ಟೇ. ಅವರು "ಪಿಡಬ್ಲ್ಯುಡಿ ಹೊಡಿ" ಎಂದಾಗ, ರಸ್ತೆ ರಿಪೇರಿಯವರಿಗೆ ಫೋನ್ ಮಾಡಬೇಕೇನೋ ಎಂದು ಮುಖ ನೋಡಿದ್ದೆ.

"ನೀನು ಯಾವ ಫೋಲ್ಡರಲ್ಲಿದೀಯ ಅಂತ ಅದು ಹೇಳ್ತದೆ ಕಣಪ್ಪ. ಎಲ್‌ಎಸ್ ಹೊಡುದ್ರೆ ಅಲ್ಲಿ ಏನೇನಿದೆ ತೋರಿಸ್ತದೆ. ಇವೆರಡೂ ನೋಡ್ದೆ ಆರ್‌ಎಂ ಮಾತ್ರ ಹೊಡೀಬೇಡ. ಅಳಿಸಿಬಿಡ್ತದೆ."

ಆರು ತಿಂಗಳಲ್ಲಿ ನಾನು ಪಂಡಿತನಾದೆ. ಒಂದು ಮಧ್ಯಾಹ್ನ ಜಾಗ ಎಷ್ಟಿದೆಯೆಂದು ನೋಡಲು ಡಿಎಫ್ ಹೊಡೆದರೆ ಡಿಸ್ಕ್ ತುಂಬಿದೆ ಎಂದಿತು. ಹಳೆಯ ಕಡತ ತೆಗೆಯಲು ಹೋಗಿ, ಎಲ್ಲಿದ್ದೇನೆಂದು ನೋಡದೆ ಆರ್‌ಎಂ ಹೊಡೆದೆ. ಕೊನೆಯ ವರ್ಷದವರ ಪ್ರಾಜೆಕ್ಟ್ ವರದಿಗಳೆಲ್ಲ ಹೋದವು. ಮೇಡಂ ಕೇಳಿದಾಗ "ಡಿಸ್ಕ್ ಕೈಕೊಟ್ಟಿದೆ" ಎಂದುಬಿಟ್ಟೆ.

ಅವರು ಕೂತು, ಪ್ರತಿ ಶನಿವಾರ ತೆಗೆದಿಡುತ್ತಿದ್ದ ನಕಲಿನಿಂದ ಎಲ್ಲವನ್ನೂ ವಾಪಸ್ ತಂದರು. ಕೊನೆಯ ಶನಿವಾರದ ನಂತರ ಬರೆದದ್ದು ಮಾತ್ರ ಬರಲಿಲ್ಲ. ಉಳಿದವರ ಪೆನ್‌ಡ್ರೈವ್‌ಗಳಲ್ಲಿ ಪ್ರತಿಗಳಿದ್ದವು. ಪ್ರತಿ ಇಟ್ಟುಕೊಳ್ಳದ ವಿದ್ಯಾರ್ಥಿನಿ, ಗೌರಿಬಿದನೂರಿನ ಶೈಲಜಾಳ ವರದಿಯ ಮೂರನೇ ಅಧ್ಯಾಯ ಪೂರ್ತಿ ಹೋಗಿತ್ತು. ಅವಳು ಮತ್ತೆ ಬರೆಯಲು ಕೂತಳು. ನಾನು ಪಕ್ಕದಲ್ಲಿ ನಿಂತು ಡಿಸ್ಕನ್ನು ಬೈದೆ.

ಸರ್ವರ್ ಗುಜರಿಗೆ ಹೋದ ಮರುದಿನ ಮೇಡಂ ಅವರನ್ನು ಹುಡುಕಿಕೊಂಡು ಶಿಡ್ಲಘಟ್ಟದ ಹತ್ತಿರದ ಅವರ ಊರಿಗೆ ಹೋದೆ. ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರ ಮುಂದೆ ತಡವರಿಸುತ್ತ ನಿಜ ಹೇಳಿದೆ.

"ಗೊತ್ತು ಕಣಪ್ಪ. ಆವತ್ತೇ ಹಿಸ್ಟರಿ ಹೊಡೆದು ನೋಡಿದ್ದೆ. ನೀನು ಹೊಡೆದಿದ್ದೆಲ್ಲ ಸಾಲಾಗಿ ಕೂತಿತ್ತು."

"ಮತ್ಯಾಕೆ ಮೇಡಂ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅನ್ಕೊಂಡಿದ್ದೆ. ಈಗ ಹೇಳ್ದೆ, ಸರಿ. ಆದ್ರೆ ಎರಡು ಸಲ ಬರೆದೋಳು ನಾನಲ್ವಲ್ಲ."

ಶೈಲಜಾಳ ನಂಬರನ್ನೂ ಅವರೇ ಕೊಟ್ಟರು. ಅವಳೀಗ ಹೈಸ್ಕೂಲಿನಲ್ಲಿ ಟೀಚರ್. ಬಸ್ ನಿಲ್ದಾಣದಿಂದ ಫೋನ್ ಮಾಡಿ ಹೇಳಿದೆ.

"ಪೆನ್‌ಡ್ರೈವಲ್ಲಿ ಇಟ್ಕೊಳ್ದೇ ಹೋಗಿದ್ದು ನನ್ನದೇ ತಪ್ಪು ಅಂತ ಇಷ್ಟು ವರ್ಷ ಅನ್ಕೊಂಡಿದ್ದೆ ಸಾರ್. ಈಗ್ಲೂ ಮಕ್ಕಳ ಮಾರ್ಕ್ಸು ಮೂರು ಕಡೆ ಬರೆದಿಡ್ತೀನಿ. ಮನೇಲಿ ನಗ್ತಾರೆ."

ನಾನು ಕ್ಷಮೆ ಕೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಆ ಅಧ್ಯಾಯದಲ್ಲಿ ಏನೇನಿತ್ತೆಂದು ಹೇಳತೊಡಗಿದಳು. ಚಿಂತಾಮಣಿ ಬಸ್ ಬಂದು ಹೊರಟುಹೋಯಿತು. ನಾನು ಕಿವಿಯಿಂದ ಫೋನ್ ತೆಗೆಯಲಿಲ್ಲ.