ಜಂಬಿಟ್ಟಿಗೆ ಕಲ್ಲಿನ ಹ್ಯಾಂಡ್‌ಬ್ರೇಕ್

ಒಟ್ಟು ಖರ್ಚು ಮೂವತ್ತೆಂಟು ಸಾವಿರದ ಆರುನೂರು ರೂಪಾಯಿ. ಮುಂದಿನ ಗಾಜು, ಬಾನೆಟ್, ರೇಡಿಯೇಟರ್, ಬಂಪರ್, ಟಿಂಕರಿಂಗ್, ಪೇಂಟು ಎಲ್ಲ ಸೇರಿ. ಇದರಲ್ಲಿ ಗುದ್ದಿದವನ ಪಾಲೆಷ್ಟು, ನನ್ನ ನಾಲಿಗೆಯ ಪಾಲೆಷ್ಟು ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ನಾಲಿಗೆಯದೇ ಎನ್ನಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಫೋನಿಗೊಂದು ಮೆಸೇಜ್ ಬಂತು, ನಿಮ್ಮ ವಾಹನದ ವಿಮೆ ಮುಗಿಯುತ್ತಿದೆ, ಕೂಡಲೇ ನವೀಕರಿಸಿ ಎಂದು. ನೀವಾದರೆ ಓದಿ ಬದಿಗಿಡುತ್ತೀರಿ. ನನಗೆ ಹಾಗಾಗುವುದಿಲ್ಲ. ಇಳಿಜಾರಿನಲ್ಲಿ ಹಿಂದೆ ಹಿಂದೆ ಬರುವ ಡ್ರೈವರಿಲ್ಲದ ಒಂದು ಜೀಪು ಕಣ್ಣಿಗೆ ಕಟ್ಟುತ್ತದೆ.

ನಾನು ಸೀರೆ ಮಾರುವವಳು. ಸಾಗರದಲ್ಲಿ ತುಂಬಿಕೊಂಡು ಹೊಸನಗರ, ನಗರ, ತೀರ್ಥಹಳ್ಳಿ ಎಂದು ಮನೆಮನೆ ತಿರುಗುತ್ತೇನೆ. ಶುರುವಿನಲ್ಲಿ ಬಸ್ಸಿನಲ್ಲಿ ತೊಡೆಯ ಮೇಲೆ ಗಂಟಿಟ್ಟುಕೊಂಡು ಹೋಗುತ್ತಿದ್ದೆ. ಗಂಟಿಗೆ ಲಗೇಜ್ ಟಿಕೆಟ್ ಬೇಕೋ ಬೇಡವೋ ಎಂದು ಹದಿಮೂರು ವರ್ಷ ಬೇರೆ ಬೇರೆ ಕಂಡಕ್ಟರುಗಳ ಜೊತೆ ವಾದ ಮಾಡಿದ್ದೇನೆ, ಹೆಚ್ಚಿನ ಸಲ ಗೆದ್ದಿದ್ದೇನೆ. ಕಾರು ಕೊಳ್ಳುವಾಗಲೂ ಮೂರು ದಿನ ಚೌಕಾಸಿ ಮಾಡಿದೆ. ಮೂರನೆಯ ದಿನ ಅದರ ಯಜಮಾನರು, "ತಗಂಡು ಹೋಗಿ ಮಾರಾಯ್ರೆ, ನಂಗೆ ಮನೇಲಿ ಬೇರೆ ಕೆಲ್ಸ ಇದೆ" ಎಂದು ಕೀ ಕೊಟ್ಟರು. ಇನ್ಶೂರೆನ್ಸ್ ಏಜೆಂಟನ ಹತ್ತಿರವೂ ಅದೇ ವರಸೆ. ಅವನು ಹೇಳಿದ ಮೊತ್ತ ಕೇಳಿ, "ಇದ್ರಲ್ಲಿ ಕಡಿಮೇದು ಯಾವ್ದಿದ್ಯೋ ಅದು ಹಾಕು" ಎಂದೆ. ಅವನು ಏನೋ ವಿವರಿಸಲು ಬಾಯಿ ತೆರೆದ. ಬಾಯಿ ತೆರೆದವರೆಲ್ಲ ಬೆಲೆ ಏರಿಸಲಿಕ್ಕೇ ತೆರೆಯುತ್ತಾರೆಂಬುದು ನನ್ನ ಅನುಭವ. ಕೇಳಿಸಿಕೊಳ್ಳಲಿಲ್ಲ. ಐದು ಸಾವಿರ ಉಳಿಸಿದೆನೆಂದು ಆ ದಿನ ಮನೆಯವರೆದುರು ಜಂಬ ಕೊಚ್ಚಿಕೊಂಡದ್ದೂ ಉಂಟು.

ಮೂರು ವರ್ಷದ ಹಿಂದಿನ ಮಾತು, ಮದುವೆಯ ತಿಂಗಳು. ಏಳು ಮನೆಗಳಿಗೆ ಇಂಥ ದಿನ ಸೀರೆ ತರುತ್ತೇನೆಂದು ಮಾತು ಕೊಟ್ಟಿದ್ದೆ. ನಗರವೆಂಬ ಊರು ಇನ್ನೂ ಸ್ವಲ್ಪ ದೂರವಿರುವಾಗ ಏರುರಸ್ತೆಯ ಬದಿಗೆ ಸುಮಿತ್ರಕ್ಕನ ಟೀ ಅಂಗಡಿ. ಕಾರನ್ನು ಅಂಗಡಿಯಿಂದ ಕೆಳಗೆ ನಿಲ್ಲಿಸಿ, ಬೆಂಚಿನ ಮೇಲೆ ಸುಮಿತ್ರಕ್ಕನಿಗಾಗಿ ಸೀರೆ ಹರಡಿದ್ದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಟೀ ಕುಡಿಯುತ್ತಿದ್ದವನು ನಿಟ್ಟೂರು ಕಡೆಯ ತಿಮ್ಮಪ್ಪ. ಮದುವೆಮನೆಗಳಿಗೆ ಶಾಮಿಯಾನ ಸಾಗಿಸುವ ಅವನ ಹಳೆಯ ಜೀಪು ಅಂಗಡಿಯಿಂದ ಮೇಲಕ್ಕೆ ನಿಂತಿತ್ತು. ಹಿಂಭಾಗದಿಂದ ಕಬ್ಬಿಣದ ಪೈಪುಗಳು ಒಂದು ಮಾರು ಹೊರಗೆ ಚಾಚಿದ್ದವು. ಹ್ಯಾಂಡ್‌ಬ್ರೇಕ್ ಹೋಗಿ ವರ್ಷವಾಗಿತ್ತಂತೆ. ಅದರ ಬದಲಿಗೆ ಹಿಂದಿನ ಚಕ್ರಕ್ಕೆ ಒಂದು ಜಂಬಿಟ್ಟಿಗೆ ಕಲ್ಲು ಕೊಟ್ಟಿದ್ದ. ಜಂಬಿಟ್ಟಿಗೆ ಗೋಡೆ ಕಟ್ಟಲಿಕ್ಕೆ ಒಳ್ಳೆಯದು. ಮೂಲೆಯ ಮೇಲೆ ಭಾರ ಜಾಸ್ತಿ ಬಿದ್ದರೆ ಮಾತ್ರ ಬೆಲ್ಲದ ಹಾಗೆ ಉದುರುತ್ತದೆ.

ಸೀರೆಯ ಬೆಲೆಗೆ ತಿಮ್ಮಪ್ಪನೂ ಬಾಯಿ ಹಾಕಿದ್ದ. "ಈ ರೇಟಿಗೆ ನಾನು ಇಡೀ ಪೆಂಡಾಲ್ ಹಾಕಿ ಕೊಡ್ತೀನಿ ಅಕ್ಕ" ಎಂದ. ತಕ್ಕ ಉತ್ತರ ಕೊಡಬೇಕೆಂದು ತಲೆ ಎತ್ತಿದೆ.

"ನಿನ್ನ ಜೀಪು ಹೊರಟ್ತಲ್ಲ ಮಾರಾಯ."

"ಯಾರು ಹೊಡಿತಿದಾರೆ?" ಎಂದು ಕೇಳಿದ, ಲೋಟ ಕೆಳಗಿಡದೆ.

ಯಾರೂ ಹೊಡೆಯುತ್ತಿರಲಿಲ್ಲ. ಅವನು ಎದ್ದು ಓಡುವಷ್ಟರಲ್ಲಿ ಪೈಪುಗಳು ನನ್ನ ಕಾರಿನ ಮುಖಕ್ಕೆ ನುಗ್ಗಿದ್ದವು. ಒಂದು ಪೈಪು ಗಾಜು ಒಡೆದು ಒಳಗೆ ಹೋಗಿ ಡ್ರೈವರ್ ಸೀಟಿನ ತಲೆದಿಂಬನ್ನು ಮುಟ್ಟಿ ನಿಂತಿತ್ತು. ಹತ್ತು ನಿಮಿಷದ ಹಿಂದೆ ಅಲ್ಲಿ ನನ್ನ ತಲೆ ಇತ್ತು. ಹರಡಿದ್ದ ಸೀರೆಗಳನ್ನು ಒಂದೊಂದಾಗಿ ಮಡಚುತ್ತಾ ಕೂತೆ.

ತಿಮ್ಮಪ್ಪ ಬಂದು ಕೈಕಟ್ಟಿ ನಿಂತ. "ಇನ್ಶೂರೆನ್ಸ್ ಉಂಟೇನೋ?" ಎಂದೆ. "ಹೋದ್ ವರ್ಷವೇ ಮುಗ್ದಿದೆ ಅಕ್ಕ. ಕಟ್ಬೇಕು ಕಟ್ಬೇಕು ಅಂತ ಇದ್ದೆ." ನಾನು ದೊಡ್ಡ ಮನುಷ್ಯಳ ಹಾಗೆ, "ನಂದು ಉಂಟು, ನೋಡು ಈಗ" ಎಂದು ಏಜೆಂಟನಿಗೆ ಫೋನ್ ಹಚ್ಚಿದೆ.

ಏಜೆಂಟ್ ಸಮಾಧಾನದಿಂದಲೇ ಹೇಳಿದ. "ಅಕ್ಕ, ನೀವು ಹಾಕ್ಸಿದ್ದು ಥರ್ಡ್ ಪಾರ್ಟಿ. ನೀವು ಬೇರೆಯೋರಿಗೆ ಗುದ್ದಿದ್ರೆ ಅವ್ರಿಗೆ ಸಿಗ್ತದೆ. ನಿಮ್ಮ ಗಾಡಿಗೆ ಏನೂ ಇಲ್ಲ. ಗುದ್ದಿದವ್ನ ಪಾಲಿಸಿಲಿ ಕೇಳ್ಬೇಕು. ಅವತ್ತೇ ಹೇಳಕ್ಕೆ ಬಂದೆ, ನೀವು ಕೇಳ್ಲಿಲ್ಲ." ಫೋನ್ ಇಟ್ಟ.

ಇಲ್ಲಿ ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠ, ನಮ್ಮ ಅವಸರ ಎದುರಿನವರಿಗೆ ಕಾಣಬಾರದು ಎಂಬುದು. ಸತ್ತ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, "ಹೌದಾ? ಪೂರ್ತಿ ಕೊಡ್ತೀರಾ? ಗಾಜಿಗೂ? ಆತು, ಆತು" ಎಂದು ಇನ್ನೊಂದು ನಿಮಿಷ ಮಾತಾಡಿದೆ. ಕಂಪನಿಯವರು ಆ ದುಡ್ಡಿಗೆ ತನ್ನ ಬೆನ್ನು ಹತ್ತುತ್ತಾರೆಂದು ಅವನು ಹೆದರಿ ತಾನಾಗಿಯೇ ಒಂದು ಮೊತ್ತ ಹೇಳುತ್ತಾನೆ, ಅಲ್ಲಿಂದ ಮೇಲಕ್ಕೆ ಎಳೆಯೋಣ ಎಂದು ನನ್ನ ಲೆಕ್ಕ. ಸಾಲದ್ದಕ್ಕೆ ಒಂದು ಉಪದೇಶ ಬೇರೆ ಕೊಟ್ಟೆ. "ನೋಡು ತಿಮ್ಮಪ್ಪ, ನೀನೂ ಹೀಗೆ ಫುಲ್ ಪಾಲಿಸಿ ಮಾಡ್ಸು. ಗಾಡಿ ಇಟ್ಟೋರಿಗೆ ಅಷ್ಟಾದ್ರೂ ಜವಾಬ್ದಾರಿ ಬೇಡ್ವಾ?"

ತಿಮ್ಮಪ್ಪ ಕಟ್ಟಿದ್ದ ಕೈ ಬಿಚ್ಚಿ ಮುಗಿದ. "ಹಂಗಾರೆ ನಿಮ್ದೆಲ್ಲ ಕಂಪನಿ ಕೊಡ್ತದೆ. ದೇವ್ರು ದೊಡ್ಡೋನು. ನಾ ಎಂತ ಮಾಡದು ಅಂತ ಸತ್ತೇ ಹೋಗಿದ್ದೆ ಅಕ್ಕ."

ಸುಮಿತ್ರಕ್ಕನೂ ಅವನ ಕಡೆಗೇ ತಿರುಗಿದಳು. "ಕಂಪನಿ ಕೊಟ್ಮೇಲೆ ಎಂತ ಮಾರಾಯ್ತಿ, ಪಾಪ, ಬಿಡು ಅವನ್ನ. ಮದುವೆಮನೆಲಿ ಪೆಂಡಾಲ್ ಕಾಯ್ತಾ ಇರ್ತದೆ." ನಾನೇ ಹೆಣೆದ ಬಲೆಯಲ್ಲಿ ನಾನೇ ಕೂತಿದ್ದೆ. ತಿಮ್ಮಪ್ಪ ನನ್ನ ಟೀಗೂ ದುಡ್ಡು ಕೊಟ್ಟು, ಹೊಸ ಕಲ್ಲೊಂದನ್ನು ಜೀಪಿಗೆ ಹಾಕಿಕೊಂಡು ಹೋದ.

ಕಾರನ್ನು ಎಳೆಸಿಕೊಂಡು ಹೊಸನಗರದ ಗ್ಯಾರೇಜಿಗೆ ಹಾಕಿದೆ. ಮೇಸ್ತ್ರಿ ಬಾನೆಟ್ ಬಿಚ್ಚಿ ಮೊತ್ತ ಹೇಳಿದ ಮೇಲೆ ಎರಡು ದಿನ ಲೆಕ್ಕ ಹಾಕುತ್ತಲೇ ಕೂತೆ. ಒಂದು ಕಡೆ ಏಳು ಮನೆಯ ಸೀರೆ. ಒಂದು ಮನೆ ತಪ್ಪಿದರೆ ಸಾಕು, ಅದರ ಬೀಗರ ಮನೆಗಳೂ ತಪ್ಪುತ್ತವೆ. ಇನ್ನೊಂದು ಕಡೆ ಪೊಲೀಸ್ ಕಂಪ್ಲೇಂಟಿನ ಯೋಚನೆ. ಕೊಟ್ಟರೆ ಜೀಪು ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಜೀಪು ನಿಂತರೆ ಅವನ ದುಡಿಮೆಯೂ ನಿಲ್ಲುತ್ತದೆ, ಮತ್ತೆ ನನಗೆ ಕೊಡುವುದು ಎಲ್ಲಿಂದ? ಕಡೆಗೆ ನಿಟ್ಟೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕು, ಎಷ್ಟಕ್ಕೆ ಶುರು ಮಾಡಿ ಎಷ್ಟಕ್ಕೆ ಇಳಿಯಬೇಕು ಎಂದು ಬಾಯಿಪಾಠ ಮಾಡಿಕೊಂಡೆ.

ನನ್ನನ್ನು ಕಂಡದ್ದೇ ತಿಮ್ಮಪ್ಪನ ಮುಖ ಅರಳಿತು. "ಬಂದ್ರಾ ಅಕ್ಕ? ಒಳ್ಳೇದಾತು, ನಿಮ್ಗೆ ತೋರ್ಸ್ಬೇಕು ಅಂತಿದ್ದೆ." ಒಳಗಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ತಂದ. "ಪೆಂಡಾಲಿನ ದುಡ್ಡು ಬಂತು. ಮನೆಯೋಳು ಬ್ಯಾರೆ ಖರ್ಚು ಹೇಳಿದ್ಲು. ನಾ ಕೇಳ್ಲಿಲ್ಲ. ನೀವು ಹೇಳ್ದಂಗೆ ಫುಲ್ಲೇ ಮಾಡ್ಸ್ದೆ. ಬ್ರೇಕೂ ರಿಪೇರಿ ಮಾಡ್ಸ್ಕೊಂಡೆ. ಇನ್ಶೂರೆನ್ಸ್ ಕಂಪನಿಯೋರು ಬಂದು ಜೀಪಿನ ಫೋಟೋ ಹೊಡ್ಕೊಂಡು ಹೋದ್ರು."

ನಾನು ಯಾವ ದುಡ್ಡಿಗಾಗಿ ಬಸ್ಸು ಹತ್ತಿದ್ದೆನೋ ಆ ದುಡ್ಡು ನನ್ನ ಮಾತಿನಿಂದಲೇ ಆ ಕಾಗದವಾಗಿತ್ತು. ಬಾಯಿಪಾಠವೆಲ್ಲ ಮರೆತುಹೋಯಿತು. ಜಗಲಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ಕಾಗದವನ್ನು ಮತ್ತೆ ಕವರಿನೊಳಗೆ ಇಟ್ಟ. ಆಮೇಲೆ ಕೇಳಿದ, "ಹಂಗಾರೆ ಅವತ್ತು ಫೋನಲ್ಲಿ ಮಾತಾಡಿದ್ದು ಯಾರ ಹತ್ರ?"

"ಯಾರ ಹತ್ರಾನೂ ಅಲ್ಲ."

"ಆ ಯಾರೂ ಅಲ್ದೋರ ಮಾತು ಕೇಳಿ ನಾ ದುಡ್ಡು ಕಟ್ದೆ ಅನ್ನಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನು ಒಳಗೆ ಹೋಗಿ ಹೆಂಡತಿಯ ಜೊತೆ ಏನೋ ಮಾತಾಡಿ ಬಂದ. "ಕೈಲಿ ದುಡ್ಡಿಲ್ಲ ಅಕ್ಕ. ಜೀಪು ಉಂಟು. ನಿಮ್ಮ ಕಾರು ಎದ್ದು ಬರೋವರ್ಗೆ ನಿಮ್ಮ ಗಂಟು ನಾ ಹೊರ್ತೀನಿ. ಡೀಸೆಲ್ಲೂ ಬ್ಯಾಡ." ಚೌಕಾಸಿ ಮಾಡದೆ ಒಪ್ಪಿಕೊಂಡ ವ್ಯವಹಾರ ನನ್ನ ಬದುಕಿನಲ್ಲಿ ಅದೊಂದೇ. ಮೂರು ವಾರ ಶಾಮಿಯಾನದ ಪೈಪುಗಳ ನಡುವೆ ಕೂತು ಏಳು ಮನೆಗೂ ಸೀರೆ ಮುಟ್ಟಿಸಿದೆ. ಗ್ಯಾರೇಜಿನ ಬಿಲ್ಲು ನಾನೇ ಕಟ್ಟಿದೆ.

ಇವತ್ತು ಬೆಳಿಗ್ಗೆ ಆ ಮೆಸೇಜಿನ ಹಿಂದೆಯೇ ಏಜೆಂಟನ ಫೋನೂ ಬಂತು. "ಅಕ್ಕ, ಈ ಸಲ..." ಎಂದು ಬಾಯಿ ತೆರೆದ. "ಪೂರ್ತಿ ಹೇಳು, ಕೇಳ್ತೀನಿ" ಎಂದೆ. ಅರ್ಧ ಗಂಟೆ ಹೇಳಿದ. ಪ್ರತಿ ವರ್ಷವೂ ಹೇಳುತ್ತಾನೆ, ಪ್ರತಿ ವರ್ಷವೂ ಕೇಳುತ್ತೇನೆ.

ನೀವೂ ಇವತ್ತೇ ನಿಮ್ಮ ಪಾಲಿಸಿಯ ಕಾಗದ ತೆಗೆದು ನೋಡಿ, ನಿಮ್ಮ ಗಾಡಿಯ ಡ್ಯಾಮೇಜಿಗೆ ಅದರಲ್ಲಿ ಏನಾದರೂ ಬರೆದಿದೆಯೇ ಎಂದು. ಬರೆದಿಲ್ಲದಿದ್ದರೆ, ರಸ್ತೆಯಲ್ಲಿ ಹೋಗುವ ಎಲ್ಲರೂ ವಿಮೆ ಕಟ್ಟಿದ್ದಾರೆಂಬ ನಂಬಿಕೆಯ ಮೇಲೆ ನೀವು ಓಡಾಡುತ್ತಿದ್ದೀರಿ. ಯಾರಾದರೂ ಗುದ್ದಿದರೆ ಗಾಡಿ ಸರಿಸುವ ಮೊದಲು ಅವರ ನಂಬರ್ ಪ್ಲೇಟು ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ, ಲೈಸೆನ್ಸು ಕೇಳಿ, ಸ್ಟೇಷನ್ನಿಗೆ ಒಂದು ಮಾತು ತಿಳಿಸಿ. ಮೇಸ್ತ್ರಿ ಬಾನೆಟ್ ಬಿಚ್ಚುವವರೆಗೆ ಬಾಯಿಂದ ಯಾವ ಮೊತ್ತವನ್ನೂ ಬಿಡಬೇಡಿ. ಫೋನ್ ಕಟ್ಟಾದ ಮೇಲೆ ಕಿವಿಯಿಂದ ಇಳಿಸಿಬಿಡಿ. ಮತ್ತೆ, ಏರಿನಲ್ಲಿ ಟೀ ಕುಡಿಯಲು ನಿಲ್ಲಿಸುವವರಿದ್ದರೆ, ಮೇಲೆ ನಿಂತ ಗಾಡಿಯ ಚಕ್ರದ ಕಡೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿರುವುದು ಜಂಬಿಟ್ಟಿಗೆ ಕಲ್ಲಾದರೆ, ಟೀ ಮುಂದಿನ ಅಂಗಡಿಯಲ್ಲಿ ಕುಡಿಯಿರಿ.