ಅಕ್ಕನ ಮನೆಗೆ ಒಯ್ದ ಉಪ್ಪಿನಕಾಯಿ

ನಾನು ಚಿಕ್ಕವಳಿದ್ದಾಗ ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತಂತೆ. ಅದರ ಸದ್ದು ನಮ್ಮ ರಾಯಲ್ಪಾಡಿನವರೆಗೆ ಬರಲಿಲ್ಲ. ಅಂಗಡಿಯಲ್ಲಿ ಎಣ್ಣೆ ಸಿಗುವುದು ಮಾತ್ರ ಕಷ್ಟವಾಗಿತ್ತು.

ಆ ಬೇಸಿಗೆಯಲ್ಲೇ ಅಕ್ಕನನ್ನು ಮಾಲೂರಿಗೆ ಮದುವೆ ಮಾಡಿಕೊಟ್ಟಿದ್ದೆವು. ಅವಳಿಗೆಂದು ಅಮ್ಮ ತೋಪಿನ ಹುಳಿ ಮಾವಿನಕಾಯಿ ಹೆಚ್ಚಿ, ಸಾಸಿವೆ ಪುಡಿ, ಖಾರದ ಪುಡಿ, ಬೆಳ್ಳುಳ್ಳಿ ಕಲೆಸಿ ಜಾಡಿಗೆ ತುಂಬಿದಳು. ಮಳೆ ಹಿಡಿದ ಮೇಲೆ ನಾನು, ಅಪ್ಪ ಹೊರಟೆವು. ಶ್ರೀನಿವಾಸಪುರದಲ್ಲಿ ಚಿಕ್ಕ ರೈಲು, ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲು. ದಾರಿಯುದ್ದಕ್ಕೂ ಜಾಡಿ ನನ್ನ ತೊಡೆಯ ಮೇಲಿತ್ತು. ಪಕ್ಕದವರು ಅದೇನೆಂದು ಕೇಳಿದಾಗಲೆಲ್ಲ ಅಪ್ಪ ನಮ್ಮೂರ ಮಾವಿನ ಗುಣಗಾನ ಮಾಡುತ್ತಿದ್ದ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಎಲ್ಲರೂ ಎಲೆಯ ಮುಂದೆ ಕುಳಿತೆವು. ಎಲೆಯ ತುದಿಗೆ ಉಪ್ಪಿನಲ್ಲಿ ನೆನೆದ ನಿಂಬೆಕಾಯಿ ಬಿತ್ತು. ಅಪ್ಪ, "ಅದಿರ್ಲಿ, ಮೊದ್ಲು ನಮ್ದು ರುಚಿ ನೋಡಿ" ಎಂದು ತಾನೇ ಜಾಡಿಯ ಬಟ್ಟೆ ಬಿಚ್ಚಿದ.

ಒಳಗೆ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಮುಗ್ಗಲು ವಾಸನೆ ಊಟದ ಮನೆಯನ್ನೆಲ್ಲ ತುಂಬಿತು. ಭಾವನ ತಮ್ಮ ಮೂಗು ಮುಚ್ಚಿಕೊಂಡ. ಅನ್ನದ ಪಾತ್ರೆ ಹಿಡಿದು ನಿಂತಿದ್ದ ಅಕ್ಕ ತಲೆ ಎತ್ತಲೇ ಇಲ್ಲ. ನನಗೆ ಕಿವಿ ಸುಟ್ಟಂತಾಯಿತು.

ಅಪ್ಪನಿಗೆ ಗಾಬರಿಯಾದರೆ ತೆಲುಗು ಬಂದುಬಿಡುತ್ತಿತ್ತು. "ನೂನೆ ಲೇದಮ್ಮಾ" ಎಂದವನು, ಆಮೇಲೆ ತಗ್ಗಿದ ದನಿಯಲ್ಲಿ, "ಎಣ್ಣೆ ಸಿಗ್ಲಿಲ್ಲ. ಇದ್ದಷ್ಟರಲ್ಲೇ ಹಾಕಿದ್ಳು" ಎಂದ. ಬೀಗರ ಮನೆಯಲ್ಲಿ, ಮಗಳ ಎದುರಿಗೆ, ಆ ಮಾತು ಹೇಳುವಾಗ ಅವನ ಕೈ ಬಟ್ಟೆಯನ್ನು ಹಿಂಡುತ್ತಿತ್ತು.

ಅಕ್ಕನ ಅತ್ತೆ ಬಂದು ಜಾಡಿಯನ್ನು ಎತ್ತಿಕೊಂಡರು. "ನಮ್ಗೆ ಮಾತ್ರ ಎಲ್ಲಿ ಸಿಕ್ತು? ಅದ್ಕೇ ಈ ವರ್ಷ ಬರೀ ನಿಂಬೆಕಾಯಿ. ಊಟ ಮಾಡಿ" ಎಂದರು. ಆದರೂ ಅಪ್ಪ ಎಲ್ಲರಿಗಿಂತ ಮೊದಲು ಎಲೆ ಮಡಿಚಿದ.

ಊರಿಗೆ ಬಂದಾಗ ಅಮ್ಮ ಬಾಗಿಲಲ್ಲೇ, ಉಪ್ಪಿನಕಾಯಿ ಹೇಗಿತ್ತಂತೆ ಎಂದು ಕೇಳಿದಳು. "ಜಾಡಿ ಅವತ್ತೇ ಖಾಲಿಯಾಯ್ತು ಕಣೇ" ಎಂದ ಅಪ್ಪ. ಅಮ್ಮ ಎಷ್ಟು ಹಿಗ್ಗಿದಳೆಂದರೆ, ನಾನು ಅವಳ ಮುಖ ನೋಡಲಾರದೆ ಹಿತ್ತಲಿಗೆ ಹೋಗಿಬಿಟ್ಟೆ.

ಮಕ್ಕಳೇ, ಈಗ ನಿಮ್ಮ ಫ್ರಿಜ್ಜಿನಲ್ಲಿ ಆಂಧ್ರದ್ದು, ಕೇರಳದ್ದು, ಪಂಜಾಬಿನದ್ದು ಎಂದು ಉಪ್ಪಿನಕಾಯಿ ಬಾಟಲಿಗಳು ಸಾಲಾಗಿ ನಿಂತಿವೆ. ಒಂದು ಕೆಟ್ಟರೆ ನಿಮ್ಮಮ್ಮ ಬಿಸಾಡಿ ಇನ್ನೊಂದು ತರುತ್ತಾಳೆ. ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಹಾಗೇ ಇರಲಿ. ನನಗೆ ಮಾತ್ರ ಇವತ್ತಿಗೂ ನೆಂಟರ ಎದುರಿಗೆ ಹೊಸ ಬಾಟಲಿಯ ಮುಚ್ಚಳ ತೆಗೆಯಲು ಕೈ ಬರುವುದಿಲ್ಲ. ಅಡಿಗೆಮನೆಗೆ ಒಯ್ದು, ತೆಗೆದು, ಮೂಸಿ ನೋಡಿಯೇ ತರುತ್ತೇನೆ.